ಉಡಿಯಲ್ಲಿ ಉಳಿದ ಕಟ್ಟಿಗೆಯ ದಾಳಿಂಬೆ

ಮಾನ್ಯ ಅಧ್ಯಕ್ಷರೇ, ಹುಕ್ಕೇರಿಯಿಂದ ಈ ಬಿಸಿಲಿನಲ್ಲಿ ಚಕ್ಕಡಿ ಹೂಡಿಸಿಕೊಂಡು ಬಂದ ಅತಿಥಿಗಳೇ, ನಮ್ಮ ಗೋಕಾಕ ಶಾಲೆಯ ಹೆಡ್‌ಮಾಸ್ತರರೇ, ಗುರುವೃಂದದವರೇ, ತಾಯಂದಿರೇ, ಎದುರಿನ ಜಮಖಾನದ ಮೇಲೆ ಒಬ್ಬರನ್ನೊಬ್ಬರು ಚಿವುಟುತ್ತ ಕುಳಿತಿರುವ ಮಕ್ಕಳೇ, ಸಭಿಕರೇ,

ನನಗೆ ಭಾಷಣದ ರೂಢಿ ಇಲ್ಲ. ಅರಳೆಯ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಾರಕೂನನಾಗಿದ್ದವನು ನಾನು. ಅಲ್ಲಿ ಮಾತಾಡುವ ಕೆಲಸ ಮಾಲಕರದು, ತಲೆಯಾಡಿಸುವ ಕೆಲಸ ನನ್ನದು. ಈಗ ಹೆಡ್‌ಮಾಸ್ತರರು "ಕೆಂಚಪ್ಪ ಕಾರಕೂನರ ತ್ಯಾಗ" ಎಂದು ಮೂರು ಸಲ ಅಂದರು. ಮೂರು ಸಲವೂ ನಾನು ಬಾಗಿಲ ಕಡೆ ನೋಡಿದೆ. ಈಗಲೂ ಅತ್ತಲೇ ನೋಡುತ್ತಿರುವುದು ಮುಂದಿನ ಸಾಲಿನವರಿಗೆ ಆಗಲೇ ಕಂಡಿರಬೇಕು. ಇದು ಸಭೆಯ ಹೆದರಿಕೆ ಎಂದುಕೊಳ್ಳಬೇಡಿ. ಸಭೆಗೆ ನಾನು ಇಷ್ಟು ಹೆದರುವವನಲ್ಲ.

ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿರುವ ಈ ಗಾಜಿನ ಕಪಾಟನ್ನು ನೋಡಿ. ಮಾವು, ಪೇರಲ, ಸೀತಾಫಲ, ಅಂಜೂರ, ಬೆರಳ ತುದಿಯಷ್ಟು ಸಣ್ಣ ಕವಳಿಕಾಯಿ ಸಹಿತ ಇದೆ. ಎಲ್ಲವೂ ಕಟ್ಟಿಗೆ. ನಮ್ಮೂರ ಚಿತ್ರಗಾರರ ಕೈಕೆಲಸ. ಪಗಾರವಾದ ಮೊದಲ ಸಂತೆಗೆ ಒಂದು ಹಣ್ಣು ಕೊಳ್ಳುವುದು ನನ್ನ ಹುಚ್ಚು. ಹುಚ್ಚು ಎಂದವರು ಯಾರು? ಹೆಂಡತಿ ಕಾಶೆವ್ವ. ಸುಳ್ಳಲ್ಲ. ಮಂದಿ ಮಕ್ಕಳಿಗೆ ಹಣ್ಣು ಒಯ್ದರೆ ನಾನು ಹಣ್ಣಿನ ಗೊಂಬೆ ಒಯ್ಯುತ್ತಿದ್ದೆ. ಒಮ್ಮೆ ಮನೆಗೆ ಬಂದ, ಊರ ಲೆಕ್ಕ ಬರೆಯುವ ತಲಾಠಿಯವರು ಪೇರಲಕ್ಕೆ ಉಪ್ಪು ಕೇಳಿದ್ದರು. ಆ ದಿನ ನನಗೆ ಊಟವೇ ಬೇಕಾಗಲಿಲ್ಲ, ಅಷ್ಟು ಹಿಗ್ಗು.

ಕಪಾಟಿನ ನಡುವಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ. ಅದು ದಾಳಿಂಬೆಯ ಜಾಗ. ಚಿತ್ರಗಾರ ಲಗಮಪ್ಪ ಎರಡು ತಿಂಗಳು ಕೂತು ಮಾಡಿದ್ದು. ಅರ್ಧ ಒಡೆದ ಹಣ್ಣು, ಒಳಗೆ ಒಂದೊಂದಾಗಿ ಕೊರೆದ ಕೆಂಪು ಕಾಳು. ಕೈಗೆ ಕೊಡುವಾಗ ಅವನು ನಕ್ಕು ಹೇಳಿದ್ದ: "ಕಾರಕೂನ್ರ, ಇದನ್ನ ಖರೆ ಹಣ್ಣಂತ ಯಾರಿಗರೆ ಕೊಟ್ಟೀರಿ ಮತ್ತ. ಆಮ್ಯಾಲ ನನ್ನ ಹೆಸರ ಹೇಳಬ್ಯಾಡ್ರಿ."

ಲಗಮಪ್ಪ ಈಗ ಇಲ್ಲ. ಇದ್ದಿದ್ದರೆ ಅವನ ಕಾಲು ಹಿಡಿಯುತ್ತಿದ್ದೆ.

ಯುದ್ಧ ಬಂತು. ಅರಳೆಯ ಅಂಗಡಿ ಮುಚ್ಚಿತು. ತಮ್ಮ ತೀರಿಕೊಂಡ, ಅವನ ಹೆಂಡತಿ ಮಕ್ಕಳು ನಮ್ಮ ಮನೆಗೆ ಬಂದರು. ಕಂಟ್ರೋಲ್ ಅಂಗಡಿಯ ಜೋಳಕ್ಕೆ ಸರದಿ ನಿಲ್ಲುವ ಮನುಷ್ಯ ಸಂತೆಯಲ್ಲಿ ಗೊಂಬೆ ಕೊಳ್ಳುವುದುಂಟೆ? ಕೊಳ್ಳುವುದು ಬಿಟ್ಟೆ. ಆದರೆ ಇದ್ದದ್ದನ್ನು ಬಿಡಲಿಲ್ಲ. ಬೆಳಗಾವಿಯ ಒಬ್ಬ ಸಾಹುಕಾರರು ಕೇಳಿದರು, ಕೊಡಲಿಲ್ಲ. ಇದೇ ಹೆಡ್‌ಮಾಸ್ತರರು ಶಾಲೆಗೆಂದು ಎರಡು ವರ್ಷ ಕೇಳಿದರು. ನೋಡೋಣ ಎಂದೆ. ನೋಡೋಣ ಎಂದರೆ ಇಲ್ಲ ಎಂದು ಅರ್ಥ, ಅದು ಅವರಿಗೂ ಗೊತ್ತಿತ್ತು.

ಈಗ ತ್ಯಾಗಕ್ಕೆ ಬರುತ್ತೇನೆ. ನನಗೆ ಒಬ್ಬಳೇ ಮಗಳು, ಗೌರವ್ವ. ಮೂಡಲಗಿಗೆ ಕೊಟ್ಟಿದ್ದೇವೆ. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಮೂರನೆಯದು ಏಳು ತಿಂಗಳಿಗೆ ಬಂದಾಗ ನಮ್ಮ ಮನೆಯಲ್ಲಿ ಕುಬಸ ಇಟ್ಟುಕೊಂಡೆವು. ಬೀಗರು ಬರುವವರು. ಕುಬಸದಲ್ಲಿ ಬಸುರಿಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಐದು ಬಗೆಯ ಹಣ್ಣು. ಕೈಯಲ್ಲಿದ್ದ ರೊಕ್ಕಕ್ಕೆ ಸಿಕ್ಕಿದ್ದು ಎರಡೇ ಬಗೆ. ಕಾಶೆವ್ವ ಅಂದಳು: "ಎರಡ ಬಗಿ ಸಾಕ್ರಿ. ದೇವರೇನು ಎಣಸ್ತಾನೇನ್ರಿ?"

ದೇವರು ಎಣಿಸುವುದಿಲ್ಲ, ಬೀಗರು ಎಣಿಸುತ್ತಾರೆ. ನಾನು ಒಳಗೆ ಹೋಗಿ ಕಪಾಟು ತೆಗೆದೆ.

ಸಭಿಕರೇ, ಇದರಲ್ಲಿ ಒಂದೆರಡನ್ನು ಆ ಸಾಹುಕಾರರಿಗೆ ಮಾರಿದ್ದರೆ ಐದು ಬಗೆಯ ಖರೆ ಹಣ್ಣು ಬರುತ್ತಿದ್ದವು. ನಾನು ಮಾರಲಿಲ್ಲ. ಮಾವು, ಕಿತ್ತಳೆ, ದಾಳಿಂಬೆ, ಮೂರನ್ನೂ ವೀಳ್ಯದೆಲೆಯ ಕೆಳಗೆ ಜೋಡಿಸಿ ತಟ್ಟೆ ಮುಂದಿಟ್ಟೆ. ಮುತ್ತೈದೆಯರು ಎಲೆ, ಅಕ್ಕಿ ಸಮೇತ ಎತ್ತಿ ನನ್ನ ಮಗಳ ಉಡಿಗೆ ಹಾಕಿದರು. "ಈ ಥಂಡಿ ದಿನದಾಗ ಮಾವಿನಹಣ್ಣ ಎಲ್ಲಿ ಸಿಕ್ತ್ರಿ, ಬೀಗರ?" ಎಂದು ಬೀಗಿತಿ ಬೆರಗಾದರು. ನಾನು ಮೀಸೆ ತಿರುವಿದೆ. ಹೌದು, ತಿರುವಿದೆ.

ಬೀಗರು ಹೋದ ಮೇಲೆ ಕಾಶೆವ್ವ ಉಡಿ ಬಿಚ್ಚಿ ಮಾವನ್ನು ಕೈಗೆತ್ತಿಕೊಂಡಳು. ಹಗುರ. ಅವಳ ಮುಖದ ಬಣ್ಣ ಇಳಿದುಹೋಯಿತು. "ಎರಡ ಸಲ ಬರೇ ಉಡೀಲೆ ಬಂದ ಮಗಳಿಗೆ ಕಟಗಿ ತುಂಬಿದ್ರೇನ್ರಿ?" ಎಂದಳು. ಅಷ್ಟೇ. ಅಂದಿನಿಂದ ನನಗೆ ನಿದ್ದೆಯಿಲ್ಲ. ಹೆರಿಗೆಗೆ ನಮ್ಮಲ್ಲೇ ಉಳಿದ ಮಗಳು ಕೆಮ್ಮಿದರೆ ಎದ್ದು ಕೂರುತ್ತೇನೆ. ಕೆಮ್ಮದಿದ್ದರೂ ಎದ್ದು ಕೂರುತ್ತೇನೆ. ಮರುದಿನವೇ ಹೆಡ್‌ಮಾಸ್ತರರ ಮನೆಗೆ ಓಡಿ, ಒಯ್ಯಿರಿ, ಎಲ್ಲಾ ಒಯ್ಯಿರಿ ಎಂದೆ. ಇದನ್ನು ತ್ಯಾಗ ಎನ್ನುತ್ತೀರಾ? ಹಾವು ಕಂಡವನು ಮನೆ ಬಿಟ್ಟು ಓಡಿದರೆ ಗೃಹದಾನ ಮಾಡಿದ ಎನ್ನುತ್ತೀರಾ?

ಕಪಾಟು ಬರಲು ಇಷ್ಟು ದಿನ ತಡೆದದ್ದು ಆ ದಾಳಿಂಬೆಗಾಗಿ. ಮಾವು, ಕಿತ್ತಳೆ ಹೊಳ್ಳಿ ಬಂದವು. ದಾಳಿಂಬೆಯನ್ನು ಮಗಳು ಕೊಡಲೊಲ್ಲಳು. ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಕೇಳಿದೆ, ಬೇಡಿಕೊಂಡೆ, ಬೈದೆ. ಅವಳು ಅಂದಳು: "ಅಪ್ಪಾ, ಉಡಿಯಾಗ ಬಿದ್ದದ್ದನ್ನ ಹೊಳ್ಳಿ ಕೊಡಾಕ ಬರೂದಿಲ್ಲ. ಕೂಸು ನನ್ನ ಉಡಿಗೆ ಬರಲಿ, ನಾನ ಗಂಟ ಬಿಚ್ಚಿ ಕಳಸ್ತೇನಿ. ನಾ ಹೋದ್ರ ನನ್ನ ಜೋಡಿ ಮಣ್ಣಿಗೆ ಹೋಗಲಿ. ಅಲ್ಲೀತನಕ ನಿನ್ನ ಕಪಾಟಿಗೆ ಬ್ಯಾಡ."

ನಿನ್ನೆ ಸಂಜೆ ಅವಳಿಗೆ ಬೇನೆ ಬಂತು. ಇವತ್ತು ಇಷ್ಟು ಹೊತ್ತಾದರೂ ಮುಗಿದಿಲ್ಲ. ಸೂಲಗಿತ್ತಿ ಬೆಳಿಗ್ಗೆ ಹೊರಗೆ ಬಂದು ನೀರು ಕೇಳಿದಳು, ನನ್ನ ಮುಖ ನೋಡಲಿಲ್ಲ. ಕಾಶೆವ್ವ ಅಂದಳು: "ನೀವು ಇಲ್ಲಿ ನಿಂತು ಏನ ಮಾಡ್ತೀರಿ? ಆ ಕಟಗಿ ಹಣ್ಣ ಮೊದಲ ಹೊಸ್ತಿಲ ದಾಟಲಿ. ಸಭಾಕ್ಕ ಹೋಗ್ರಿ." ಬಾಜೂ ಮನೆಯ ಪರಸಪ್ಪನಿಗೆ ಹೇಳಿ ಬಂದೆ, ಏನೇ ಆದರೂ ಓಡಿ ಬಾ ಎಂದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕ್ಷಮಿಸಬೇಕು. ನಾನು ಬೇಕೆಂದೇ ಮಾತು ಬೆಳೆಸುತ್ತಿದ್ದೇನೆ. ಪರಸಪ್ಪ ಬಂದು ಆ ಬಾಗಿಲಲ್ಲಿ ನಿಂತು ಬಹಳ ಹೊತ್ತಾಯಿತು. ಲಗಮಪ್ಪನ ಮಾತು ಹೇಳುವಾಗಲೇ ಬಂದ. ಸಭೆ ನಡೆದಿದೆಯೆಂದು ಮರ್ಯಾದೆಗೆ ಕೈಯನ್ನು ಹೆಗಲ ಶಾಲಿನೊಳಗೆ ಇಟ್ಟುಕೊಂಡು ನಿಂತಿದ್ದಾನೆ. ನಾನು ಮಾತಾಡುತ್ತಿರುವವರೆಗೆ ಅವನು ಮಾತಾಡುವುದಿಲ್ಲ. ಅವನು ಮಾತಾಡುವವರೆಗೆ ನನಗೆ ಮಗಳಿದ್ದಾಳೆ. ಅದಕ್ಕೇ, ಸಭಿಕರೇ, ತಲಾಠಿಯ ಉಪ್ಪಿನ ಕಥೆಯನ್ನು ಇನ್ನೊಮ್ಮೆ ಹೇಳಲೂ ತಯಾರಿದ್ದೇನೆ.

ಆದರೆ ಎಷ್ಟು ಹೊತ್ತು ಹೇಳಲಿ?

ಪರಸಪ್ಪಾ, ಬಾಯಿ ತೆಗೀಬ್ಯಾಡ. ಶಾಲಿನಾಗಿನ ಕೈ ಅಷ್ಟ ಹೊರಗ ತಗಿ. ಮ್ಯಾಲ ಎತ್ತು.

ಕೆಂಪಗಿದೆ. ಹೆಡ್‌ಮಾಸ್ತರರೇ, ನನ್ನ ಕನ್ನಡಕ ಮಸುಕಾಗಿದೆ, ನೀವು ನೋಡಿ ಹೇಳಿ. ಅರ್ಧ ಒಡೆದಿದೆಯೇ? ಕಾಳು ಕಾಣುತ್ತವೆಯೇ?

ಹೌದೇ?

ಅವಳೇ ಗಂಟು ಬಿಚ್ಚಿದ್ದಾಳೆ. ಕೂಸು ಉಡಿಗೆ ಬಂದಿದೆ.

ಬೇಡ ಪರಸಪ್ಪಾ, ನನ್ನ ಕೈಗೆ ಕೊಡಬ್ಯಾಡ. ಹೆಡ್‌ಮಾಸ್ತರರೇ, ನೀವೇ ಅದನ್ನು ಅದರ ಜಾಗಕ್ಕಿಟ್ಟು ಕೀಲಿ ಹಾಕಿ. ಕೀಲಿಯೂ ನನಗೆ ಬೇಡ. ನೀವು ಸನ್ಮಾನದಲ್ಲಿ ಕೊಟ್ಟ ಈ ಹಣ್ಣಿನ ಬುಟ್ಟಿಯನ್ನು ಮಾತ್ರ ಒಯ್ಯುತ್ತೇನೆ. ಕೊಟ್ಟಾಗ ಮರ್ಯಾದೆಗೆಟ್ಟು ಒಂದೊಂದಕ್ಕೂ ಉಗುರು ಊರಿ ನೋಡಿದೆ, ತಪ್ಪು ತಿಳಿಯಬೇಡಿ. ಐದೂ ಬಗೆ ಇವೆ. ಐದೂ ಖರೆ ಹಣ್ಣು. ಮಗಳ ಉಡಿ ಇನ್ನೊಮ್ಮೆ ತುಂಬುವುದಿದೆ.

ತಾಳಿಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ಚಪ್ಪಾಳೆ ಆಮೇಲೆ ತಟ್ಟಿ, ಈಗ ನನಗೆ ದಾರಿ ಬಿಡಿ. ನಮಸ್ಕಾರ.