ಸ್ನಾನಕ್ಕೆ ಹೋದ ನೀರುನಾಯಿ

ಮೈತುಂಬ ರೋಮ, ಒಂದೂ ಮೊಳೆತದ್ದಲ್ಲ, ಎಲ್ಲ ಕೆರೆದು ತೆಗೆದದ್ದು. ನೀರಿನಲ್ಲೇ ಇರುತ್ತದೆ, ಒದ್ದೆಯಾಗುವುದಿಲ್ಲ. ಎಡಕ್ಕೆ ಮುಖ ಮಾಡಿ ಹೊರಟರೆ ಬಲಕ್ಕೆ ಹೋಗಿ ಮುಟ್ಟುತ್ತದೆ. ಎಂತ ಅದು, ಹೇಳಿ ನೋಡುವ ರೋಸಲಿನಕ್ಕ?

ಗೊತ್ತಾಗಲಿಲ್ಲ? ಸೋತಿರಾ? ನಿಮ್ಮ ಅಪ್ಪನ ಕೊನೆಯ ಬ್ಲಾಕ್ ಅಕ್ಕ! ಅಚ್ಚು ಹಾಕಲಿಕ್ಕೆ ಮರದಲ್ಲಿ ಕೆತ್ತಿದ ನೀರುನಾಯಿ!

...ನಗುವುದಿಲ್ಲವಾ. ಸರಿ. ನೀವು ಕೇಳಿದ್ದು ಅದು ಎಲ್ಲಿ ಹೋಯಿತು ಅಂತ, ನಾನು ಹೇಳಿದ್ದು ಒಗಟು. ನನ್ನ ಬಾಯಿಯೇ ಹಾಗೆ. ಪ್ರೆಸ್ಸಿನ ಧಣಿಗಳು ಹೇಳುವುದುಂಟು, ತಾರಾನಾಥನನ್ನು ಹೆಣದ ಮನೆಗೆ ಕಳುಹಿಸಬೇಡಿ, ಹೆಣವನ್ನೇ ನಗಿಸಿಯಾನು ಅಂತ. ಅಯ್ಯೋ... ಕ್ಷಮಿಸಿ ಅಕ್ಕ. ನಿಮ್ಮ ಅಪ್ಪ, ನಮ್ಮ ಪೊರ್ಬುಗಳು, ಹೋಗಿ ಎರಡು ತಿಂಗಳೂ ಆಗಲಿಲ್ಲ. ನೀವು ಬಹ್ರೇನಿನಿಂದ ಮೊನ್ನೆ ಬಂದದ್ದು. ನಾನು ಇದನ್ನು ಹೇಳಬಾರದಿತ್ತು.

ಹೇಳುತ್ತೇನೆ, ಹೇಳುತ್ತೇನೆ. ಆ ಉಳಿಯ ಪೆಟ್ಟಿಗೆ ಸ್ವಲ್ಪ ಆಚೆ ಸರಿಸುತ್ತೀರಾ? ಬೇಡ ಅಂತಲ್ಲ... "ಹನ್ನೊಂದು ಉಳಿಯೂ ತಾರಾನಾಥನಿಗೆ" ಅಂತ ಅವರು ಬರೆದಿಟ್ಟಿದ್ದಾರೆ ಅಂದಿರಲ್ಲ, ಅದು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಉಡುಪಿಯ ಪ್ರೆಸ್ಸಿನಲ್ಲಿ ಇಂಕು ಒರೆಸುವವ. ಶನಿವಾರ ಶನಿವಾರ ಬಸ್ಸು ಹತ್ತಿ ಕಾಪುವಿಗೆ ಬಂದು ಪೊರ್ಬುಗಳ ಕೈಯಿಂದ ಬ್ಲಾಕ್ ತೆಗೆದುಕೊಂಡು ಹೋಗುವವ. ನನಗೆ ಯಾಕೆ ಉಳಿ?

ಮೊದಲ ಶನಿವಾರ ನಾನು ಎಂತ ಮಾಡಿದ್ದು ಗೊತ್ತುಂಟಾ? ಇದೇ ಮೇಜಿನ ಮೇಲೆ ಅವರು ಬಿಸ್ಕತ್ತಿನ ಲೇಬಲ್ ಕೆತ್ತುತ್ತಾ ಇದ್ದರು. ನಾನು ಕಡಲಕರೆಯಿಂದ ಒಂದು ಜೀವಂತ ಏಡಿ ತಂದು ಮೆಲ್ಲಗೆ ಬಿಟ್ಟೆ. ಕಿರುಚುತ್ತಾರೆ ಅಂತ ನಾನು ಕಾದದ್ದು! ಅವರು ಕಿರುಚಲಿಲ್ಲ. ಕನ್ನಡಕ ಹಣೆಗೆ ಏರಿಸಿದರು. "ಏ ಮಂಗ, ಅದು ಓಡದ ಹಾಗೆ ನೋಡಿಕೋ" ಅಂದರು, ಪೆನ್ಸಿಲು ತೆಗೆದರು. ಲೇಬಲ್ ಅಲ್ಲೇ ಬಾಕಿ. ಸಂಜೆ ತನಕ ನಾನು ಏಡಿ ಕಾಯುವ ಕೆಲಸ, ಬೆರಳು ಮೂರು ಕಡೆ ಕಚ್ಚಿಸಿಕೊಂಡೆ. ಆಮೇಲೆ ನಾವಿಬ್ಬರೂ ಹೋಗಿ ಅದನ್ನು ಸಮುದ್ರಕ್ಕೆ ಬಿಟ್ಟು ಬಂದೆವು. ಗೋಡೆಯಲ್ಲಿ ಚಿತ್ರ ಉಂಟಲ್ಲ, ಆ ಏಡಿ ಅದೇ.

ಇಗರ್ಜಿಯವರು ಒಮ್ಮೆ ಸಂತರ ಚಿತ್ರ ಕೆತ್ತಿಕೊಡಿ ಅಂತ ಕೇಳಿದಾಗ, "ಸಂತರನ್ನು ಕೆತ್ತಲಿಕ್ಕೆ ನೂರು ಜನ ಇದ್ದಾರೆ, ಏಡಿಗೆ ಯಾರಿದ್ದಾರೆ?" ಅಂದರು. ನೀವು ನಕ್ಕಿರಿ! ನೋಡಿ, ನಕ್ಕಿರಿ! ಹಾಗೆಯೇ ಇದ್ದರು ಅವರು. ಮರದ ಬದಲು ಸತುವಿನ ಬ್ಲಾಕ್ ಬಂದು ಪ್ರೆಸ್ಸಿನಿಂದ ಅವರಿಗೆ ಸಿಗುವ ಕೆಲಸ ಪೂರ್ತಿ ನಿಂತ ಮೇಲೆ ಹೆಚ್ಚು ಖುಷಿಯಾದರು ಅಕ್ಕ. ಇನ್ನು ಲೇಬಲ್ ಇಲ್ಲ, ಕ್ಯಾಲೆಂಡರಿನ ಗಡಿಯ ಹೂಬಳ್ಳಿ ಇಲ್ಲ. ಕೊಕ್ಕರೆ, ಕೇದಗೆಪೊದೆ, ಕಪ್ಪೆ, ಇಷ್ಟೇ. ಕೆಲಸ ಇಲ್ಲದಿದ್ದರೂ ನಾನು ಶನಿವಾರ ಬರುತ್ತಿದ್ದೆ.

ನೀರುನಾಯಿಗೆ ಹದಿನಾಲ್ಕು ತಿಂಗಳು. ಪಾಂಗಾಳ ಹೊಳೆಯ ಬದಿಯಲ್ಲಿ ಬೆಳಿಗ್ಗೆ ಹೋಗಿ ಕೂರುವುದು, ಮನೆಗೆ ಬಂದು ನಾಲ್ಕು ರೋಮ ಕೆತ್ತುವುದು. ಒಂದು ರೋಮಕ್ಕೆ ಒಂದು ಗೀರು. ಕಾರ್ಕಳದ ಆಚಾರಿ ರಂಜೆಮರವನ್ನು ಅಡ್ಡ ಕೊಯ್ದು, ಎರಡು ವರ್ಷ ನೆರಳಿನಲ್ಲಿ ಒಣಗಿಸಿ, ಆರು ತುಂಡು ಅಂಟಿಸಿ ಮಾಡಿಕೊಟ್ಟ ಬ್ಲಾಕ್ ಅದು. ಪೂರ್ತಿ ಮುಗಿಯದೆ ಇಂಕು ಹಚ್ಚಬಾರದು, ಯಾರಿಗೂ ತೋರಿಸಬಾರದು ಅಂತ ಅವರ ಹಠ. ನೋಡಿದವ ನಾನೊಬ್ಬನೇ.

ಎಲ್ಲಿ ಹೋಯಿತು ಅಂತಲ್ವಾ? ಕೇಳಿ. ಒಬ್ಬರು ಜರ್ಮನಿಯವರು ಬಂದರು. ಮಣಿಪಾಲಕ್ಕೆ ಬಂದವರು, ಯಾರೋ ಹೇಳಿ ಇಲ್ಲಿಗೂ ಬಂದರು. ಕೆಂಪು ಗಡ್ಡ, ಇಲ್ಲಿಯ ತನಕ! ಈ ಬಾಗಿಲಿಗೆ ತಲೆ ತಾಗಿತು ಅವರದ್ದು. ಏಳು ನೀರುದೋಸೆ ತಿಂದರು. ಬ್ಲಾಕ್ ನೋಡಿದರು, ಎದೆಗೆ ಒತ್ತಿಕೊಂಡರು, ಕಣ್ಣಲ್ಲಿ ನೀರು! ಪೊರ್ಬುಗಳು "ತೆಗೆದುಕೊಂಡು ಹೋಗಿ, ನಿಮ್ಮ ಊರಿನಲ್ಲಿ ನಾಲ್ಕು ಜನ ನೋಡಲಿ" ಅಂದರು. ದುಡ್ಡು ಬೇಡ ಅಂದರು. ನನ್ನ ಹೆಗಲು ತಟ್ಟಿದರು, ನಕ್ಕರು, "ನನ್ನ ಕೆಲಸ ಮುಗಿಯಿತು ಮಂಗ" ಅಂದರು. ಅದಾಗಿ ವಾರದೊಳಗೆ, ನಿದ್ದೆಯಲ್ಲೇ... ಒಳ್ಳೆಯ ಸಾವು ಅಕ್ಕ. ಎಲ್ಲರಿಗೂ ಸಿಗುವುದಿಲ್ಲ.

ಹೆಸರಾ? ಅವರ ಹೆಸರು... ಎಂತದ್ದೋ... ಜಾರ್ಜ್! ಹೌದು, ಜಾರ್ಜ್.

ಯಾಕೆ ಹಾಗೆ ನೋಡುತ್ತೀರಿ? ಜರ್ಮನಿಯಲ್ಲಿ ಜಾರ್ಜ್ ಇರಬಾರದಾ?



ಅದು ಎಂತ, ನೀಲಿ ಕಾಗದ? ಪೊರ್ಬುಗಳು ನಿಮಗೆ ಬರೆದದ್ದಾ? ನನಗೆ ಯಾಕೆ ಕೊಡುತ್ತೀರಿ, ಕೊಂಕಣಿ ನನಗೆ... ಅಕ್ಷರ ಕನ್ನಡದ್ದೇ, ಹೌದು. ಇಷ್ಟು ವರ್ಷ ಕೇಳಿದ್ದೇನೆ, ಅರ್ಥವೂ ಆಗುತ್ತದೆ, ಹೌದು. ಓದಲೇಬೇಕಾ?

"ಮಗಳೇ... ನನ್ನ ತಲೆ ಹೋಗುತ್ತಾ ಉಂಟು. ಒಂದು ನೀರುನಾಯಿ ಕೆತ್ತಿದ ನೆನಪು ನನಗೆ. ಕೈಗೂ ನೆನಪುಂಟು. ಅಂಥದ್ದು ಇರಲೇ ಇಲ್ಲ ಅನ್ನುತ್ತಾನೆ ತಾರಾನಾಥ. ಆ ಹುಡುಗ... ಆ ಹುಡುಗ ತಮಾಷೆ ಮಾಡುತ್ತಾನೆ, ಸುಳ್ಳು ಹೇಳುವುದಿಲ್ಲ."

...

ಒಂದು ಮಾತು ಬೈಯಿರಿ ಅಕ್ಕ. 

ತಮಾಷೆಯೇ ಅದು. ದೇವರಾಣೆ ತಮಾಷೆಯೇ. ಅಂದು ಮೊದಲ ಸಲ ಇಂಕು ಹಚ್ಚುವ ದಿನ. ನಾನೇ ಉಡುಪಿಯಿಂದ ಇಂಕು ತಂದಿದ್ದೆ. ಅವರು ಕೈ ತೊಳೆಯಲಿಕ್ಕೆ ಬಾವಿಕಟ್ಟೆಗೆ ಹೋದರು. ನಾನು ಬ್ಲಾಕನ್ನು ಬಚ್ಚಲಿಗೆ ಒಯ್ದು, ಹಂಡೆ ಒಲೆಯ ಮೇಲೆ, ಗೋಡೆಯ ಎತ್ತರದ ಕತ್ತಲೆ ಗೂಡಿನಲ್ಲಿ ಇಟ್ಟೆ. ಅವರು ಹುಡುಕಬೇಕು, ಹತ್ತು ನಿಮಿಷ ಪರದಾಡಬೇಕು, ಆಗ ನಾನು "ನಿಮ್ಮ ನೀರುನಾಯಿ ಸ್ನಾನಕ್ಕೆ ಹೋಗಿದೆ ಪೊರ್ಬುಗಳೇ" ಅನ್ನಬೇಕು. ಇಷ್ಟೇ. ಇಷ್ಟೇ ಅಕ್ಕ!

ಅಷ್ಟರಲ್ಲಿ ಪ್ರೆಸ್ಸಿನಿಂದ ಸೈಕಲ್ಲಿನಲ್ಲಿ ಆಳು ಬಂದ. ಕಾರ್ಕಳದಲ್ಲಿ ಯಾರದ್ದೋ ಮದುವೆ ಕಾಗದ ತಪ್ಪಾಗಿದೆ, ಈಗಲೇ ಹೋಗಬೇಕು ಅಂತ. ಹೋದೆ. ಹೇಳಬಹುದಿತ್ತು, ಒಂದು ಮಾತು. ಹೇಳಿದರೆ ತಮಾಷೆ ಹಾಳಾಗುತ್ತದಲ್ಲ! ನಾಳೆ ಹೇಳುವ ಅಂತ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಹೋದೆ. ಅಲ್ಲಿ ನಾಲ್ಕು ದಿನ ಆಯಿತು. ಆ ನಾಲ್ಕು ದಿನವೂ ಪೊರ್ಬುಗಳು ಮನೆಯಿಡೀ ಹುಡುಕಿದ್ದಾರೆ. ಸಂಜೆ ಸಂಜೆ ಹಂಡೆಗೆ ಬೆಂಕಿ ಹಾಕಿದ್ದಾರೆ. ಅವರೇ. ಅವರ ಕೈಯಿಂದಲೇ.

ಬಂದು ಸೀದಾ ಬಚ್ಚಲಿಗೆ ಹೋಗಿ ನೋಡಿದರೆ ಬಿಸಿಗೆ ಅಂಟೆಲ್ಲ ಬಿಟ್ಟು, ಮರ ಸೀಳಿ, ನೀರುನಾಯಿಯ ಮುಖದ ನಡುವೆ ನನ್ನ ಬೆರಳು ಹೋಗುವಷ್ಟು ಬಿರುಕು. ತುಂಡುಗಳನ್ನು ಅಂಗಿಯೊಳಗೆ ಹಾಕಿಕೊಂಡು ಹೋಗಿ ಪಾಂಗಾಳದ ಸೇತುವೆಯಿಂದ ಹೊಳೆಗೆ ಹಾಕಿದೆ.

ಸೇತುವೆಯಿಂದ ವಾಪಸು ಬಂದಾಗ ಅವರು ಇಲ್ಲಿ, ನೀವು ಕೂತಲ್ಲಿಯೇ ಕೂತಿದ್ದರು. ಮೇಜಿನ ಮೇಲೆ ಇಂಕು ಹಾಗೆಯೇ ಇತ್ತು. "ತಾರಾ, ನೀನು ನೋಡಿದ್ದಿ ಅಲ್ವಾ? ಮುಗಿದಿತ್ತು ಅಲ್ವಾ?" ಅಂತ ಕೇಳಿದರು. ಮುದುಕರು, ಮಗುವಿನ ಹಾಗೆ ನನ್ನ ಬಾಯಿ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು ಅಕ್ಕ. ನಾನು ಹೇಳಿದೆ... "ಎಂತ ನೀರುನಾಯಿ ಪೊರ್ಬುಗಳೇ? ಕಾಗದದಲ್ಲಿ ಚಿತ್ರ ಬರೆದಿದ್ದಿರಿ. ಮರಕ್ಕೆ ನೀವು ಕೈ ಹಚ್ಚಲೇ ಇಲ್ಲ."

ನಗುತ್ತಾ ಹೇಳಿದೆ.

ಅವರು ಸ್ವಲ್ಪ ಹೊತ್ತು ಕೈ ನೋಡಿಕೊಂಡರು. "ಹಾಗಾ" ಅಂದರು. ಅಷ್ಟೇ. ಮತ್ತೆ ಉಳಿ ಮುಟ್ಟಲಿಲ್ಲ. ಮಣಿಪಾಲದಲ್ಲಿ ಡಾಕ್ಟರು ತಲೆಗೆ ಎಂತ ಆಗಲಿಲ್ಲ, ಸರಿ ಉಂಟು ಅಂದರು. ಅವರು ಡಾಕ್ಟರನ್ನು ನಂಬಲಿಲ್ಲ, ನನ್ನನ್ನು ನಂಬಿದರು. ಮೂರು ತಿಂಗಳು ಗೋಡೆ ನೋಡುತ್ತಾ ಮಲಗಿದರು. ನಾನು ಶನಿವಾರ ಶನಿವಾರ ಬಂದು ತಮಾಷೆ ಹೇಳಿದೆ. ಒಂದಕ್ಕೂ ನಗಲಿಲ್ಲ.

ಅವರ ತಲೆ ಸರಿಯಾಗಿತ್ತು ಅಕ್ಕ. ಕೊನೆಯ ತನಕ ಸರಿಯಾಗಿತ್ತು.

ಆ ಜರ್ಮನಿಯವರು ಇಲ್ಲ. ಹೆಗಲು ತಟ್ಟಿದ್ದಿಲ್ಲ, ಕೆಲಸ ಮುಗಿಯಿತು ಅಂದದ್ದಿಲ್ಲ. ಆ ಕೊನೆ ನಾನು ಕಟ್ಟಿದ್ದು. ಇವತ್ತು ಬೆಳಿಗ್ಗೆ, ಬಸ್ಸಿನಲ್ಲಿ. ಕಟಪಾಡಿ ದಾಟುವಷ್ಟರಲ್ಲಿ ಕಟ್ಟಿ ಮುಗಿಸಿದ್ದೆ.