ಕುಡಿದ ದಿನದ ಮಾತ್ರೆ

ಎಚ್‌ಐವಿ ಮಾತ್ರೆ ಕೊಡುವ ಕೌಂಟರಿನ ಸಾಲು ಸರಿಯುತ್ತಲೇ ಇರಲಿಲ್ಲ. ಅರ್ಧ ಹೊಲಿಗೆ ಬಿಟ್ಟು ಬಂದಿದ್ದ ದರ್ಜಿ ಚಡಪಡಿಸುತ್ತಿದ್ದ. ಅವನ ಮುಂದೆ ಅಕ್ಕ-ತಮ್ಮನ ಪಿಸುದನಿಯ ಜಗಳ. ತಮ್ಮನ ಅಂಗಿಗೆಲ್ಲ ಗೋಡೆಯ ಬಣ್ಣ.

"ರಕ್ತದಲ್ಲಿ ವೈರಸ್ ಮತ್ತೆ ಏರಿದೆಯಂತಲ್ಲೋ! ಮಾತ್ರೆ ಬಿಟ್ಯಾ?"

"ಕುಡಿದ ದಿನ ಅಷ್ಟೇ. ಎರಡೂ ಸೇರಿದ್ರೆ ವಿಷ ಅಲ್ವಾ?"

"ಕುಡಿದ್ರೂ ಮಾತ್ರೆ ಬಿಡಬಾರದು ಅಂತ ಡಾಕ್ಟ್ರು ಈಗ ಬಡ್ಕೊಂಡ್ರಲ್ಲ! ವಿಷ ಅಂತ ಯಾವನು ಹೇಳಿದ್ದು?"

"ನೀನೇ. ಕುಡಿದು ಬಂದಾಗೆಲ್ಲ ಡಬ್ಬಿ ಬಚ್ಚಿಡ್ತಿದ್ದೆ."

"ಎಲ್ಲಿ ಸತ್ತೋಗ್ತೀಯೋ ಅಂತ ಹೆದರಿಕೆ ಕಣೋ."

ಅವರ ಸರದಿ ಬಂತು. ಮಾತ್ರೆ ಪಡೆದು ಇಬ್ಬರೂ ಹೊರಗೆ ಹೊರಟರು.

"ಹಂಗಾದ್ರೆ ಕುಡೀಬಹುದು ಅಂತಾಯ್ತು."

"ಕುಡಿದು ಬಾ ನೋಡೋಣ, ಬಾಗಿಲೇ ತೆಗೆಯಲ್ಲ."

"ಮತ್ತೆ ಮಾತ್ರೆ?"

ಅಕ್ಕ ಡಬ್ಬಿಯನ್ನು ಚೀಲಕ್ಕೆ ತುರುಕಿ ಬಿರಬಿರನೆ ಮೆಟ್ಟಿಲಿಳಿದಳು.

"ಕಿಟಕೀಲಿ ಕೊಡ್ತೀನಿ. ನುಂಗಿ ಹೊರಗೇ ಬಿದ್ದಿರು."