ಅವರ ಫೋಟೊ ಆ ಡಬ್ಬದ ಮೇಲೆ ಬೇಡ

ಬಡಗಿಯಣ್ಣನ ನೆನಪಿಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆಗೆ, ಅವರ ಮಗಳಿಗೆ ಕೈಮುಗಿಯುತ್ತೇನೆ. ಇವತ್ತು ನನಗೆ ಉಪವಾಸ. ನೀರು ತುಂಬಿ, ಬಟ್ಟೆ ಒಗೆದು, ದೇವರಿಗೆ ದೀಪ ಹಚ್ಚಿ ನೇರ ಇಲ್ಲಿಗೆ ಬಂದೆ. ಉಪವಾಸದ ದಿನ ನಾನು ಸುಳ್ಳು ಹೇಳುವುದಿಲ್ಲ. ಬೇರೆ ದಿನ ಹೇಳುತ್ತೇನೆ ಅಂತಲ್ಲ — ನಗಬೇಡಿ.

ಬಡಗಿಯಣ್ಣ. ನಾವು ಅವರನ್ನು ಹಾಗೇ ಕರೆಯುತ್ತಿದ್ದದ್ದು. ಮರದ ತುಂಡುಗಳೊಳಗೆ ಅಯಸ್ಕಾಂತ ಅಡಗಿಸಿ, ಮಕ್ಕಳು ಮನೆ, ಸೇತುವೆ, ಒಂಟೆ, ಏನು ಬೇಕಾದರೂ ಕಟ್ಟುವಂಥ ಆಟಿಕೆ ಮಾಡಿದವರು. ತುಂಡನ್ನು ಎರಡು ಹೋಳು ಮಾಡಬೇಕು, ಒಳಗೆ ಗೂಡು ಕೊರೆಯಬೇಕು, ಅಯಸ್ಕಾಂತವಿಟ್ಟು ಹೋಳುಗಳನ್ನು ಬೆಸೆದು ಬಿಗಿಯಬೇಕು. ಮರುದಿನದವರೆಗೆ ಯಾರೂ ಮುಟ್ಟಬಾರದು. ಹೊರಗಿನಿಂದ ನೋಡಿದರೆ ಬರೀ ಮರ.

“ಯಾಕಣ್ಣ ಇಷ್ಟು ಒದ್ದಾಟ?” ಅಂತ ಕೇಳಿದ್ದೆ.

“ಮಗು ಕಣ್ಣಲ್ಲಿ ನೋಡಲ್ಲಮ್ಮ, ಬಾಯಲ್ಲಿ ನೋಡುತ್ತೆ. ಅಯಸ್ಕಾಂತ ಎರಡು ನುಂಗ್ತು ಅಂದ್ಕೋ, ಒಳಗೆ ಕರುಳನ್ನ ನಡುವೆ ಹಿಡಿದು ಒಂದಕ್ಕೊಂದು ಕಚ್ಕೋತವೆ. ಆಮೇಲೆ ಯಾರು ಬಿಡಿಸ್ತಾರೆ?”

ಕಾರ್ಖಾನೆಯ ಟೆಸ್ಟಿಂಗ್ ಮೇಜು ನನ್ನದು. ಅವರು ಮಾಡುವುದು, ನಾನು ಮುರಿಯುವುದು. ಎಸೆಯುತ್ತಿದ್ದೆ, ನೆನೆಸುತ್ತಿದ್ದೆ, ಸುತ್ತಿಗೆಯಲ್ಲಿ ಬಡಿಯುತ್ತಿದ್ದೆ. ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: “ಏನಮ್ಮಾ ರಾಕ್ಷಸಿ, ನನ್ನ ಕೂಸು ಉಳೀತಾ?” “ಇಲ್ಲಣ್ಣ, ಹೋಗಿ ಇನ್ನೊಂದು ಹೆತ್ಕೊಂಡು ಬನ್ನಿ” ಅನ್ನುತ್ತಿದ್ದೆ. ಗೊಣಗುತ್ತ ಹೋಗುತ್ತಿದ್ದರು — ಆದರೆ ಹೋಗುತ್ತಿದ್ದರು!

ಆಟಿಕೆ ತುಂಬುವ ರಟ್ಟಿನ ಡಬ್ಬದ ಕಥೆ ನಿಮಗೆಲ್ಲ ಗೊತ್ತು. ಮೊದಲ ಡಬ್ಬದ ಮೂಲೆಗಳಿಗೆ ಪಿನ್ನು ಹೊಡೆದಿದ್ದೆವು. ಮೆಟ್ಟಿಲ ಮೇಲಿಂದ ಉರುಳಿಸಿದೆವು, ಮೇಲೆ ಹತ್ತಿ ಕುಳಿತೆವು, ಏನೂ ಆಗಲಿಲ್ಲ. ಚಪ್ಪಾಳೆ! ಅಣ್ಣ ಮುಚ್ಚಳ ತೆಗೆದು ಒಂದು ತುಂಡು ಎತ್ತಿದರು — ಹೀಗೆ — ಅದರ ಮೂತಿಗೆ ಒಂದು ಪಿನ್ನು ಮೀಸೆಯ ಹಾಗೆ ಅಂಟಿಕೊಂಡಿತ್ತು. ಇಡೀ ದಿನ ಅಯಸ್ಕಾಂತದ ಜೊತೆಗಿದ್ದ ನಮಗೆ, ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ ಅನ್ನುವುದೇ ಮರೆತಿತ್ತು! ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು, ಅಷ್ಟೂ ಡಬ್ಬ ಹರಿದು ಹಾಕಿಸಿದರು. “ಮಗು ಮೊದಲು ಆಡೋದು ಡಬ್ಬದ ಜೊತೆ” ಅಂದರು. ಪಿನ್ನಿಲ್ಲದೆ ಮಡಚುವ ಈಗಿನ ಡಬ್ಬ ಹುಟ್ಟಿದ್ದು ಹಾಗೆ.

ಈಗ — ನನಗಿಂತ ಮುಂಚೆ ಮಾತಾಡಿದ ಮ್ಯಾನೇಜರ್ ಅವರ ವಿಷಯ. ಅವರ ಮೇಲೆ ನನಗೆ ಗೌರವವಿದೆ. ಆದರೆ ಅವರು ಹೇಳಿದರು, ಕೊನೆಗಾಲದಲ್ಲಿ ಅಣ್ಣ ಹೊಸ ವಿಧಾನಕ್ಕೆ ಒಪ್ಪಿದ್ದರು ಅಂತ. ಹೊಸ ವಿಧಾನ ಅಂದರೆ, ಮರದ ಮೇಲ್ಮೈಯಲ್ಲೇ ಒಂದು ಗುಳಿ, ಒಂದು ಹನಿ ಅಂಟು, ಮೇಲೆ ಬಣ್ಣದ ಸ್ಟಿಕ್ಕರ್. ಬೇಗ ಮುಗಿಯುತ್ತದೆ. ಆ ಹೊಸ ತುಂಡುಗಳ ಡಬ್ಬದ ಮೇಲೆ ಅಣ್ಣನ ಫೋಟೊ ಹಾಕುತ್ತಾರಂತೆ, ನೆನಪಿಗೆ.

ಒಪ್ಪಿದ್ದರೇ? ಯಾವಾಗ?

ಹೊಸ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದವಳು ನಾನು. ಮಗುವಿನ ಬಾಯಿ ಒಣಗಿರುವುದಿಲ್ಲವಲ್ಲ! ಅತ್ತಿಗೆ ಪಕ್ಕದಲ್ಲೇ ಇದ್ದರು. ಅಣ್ಣನಿಗೆ ಲೋಟ ಎತ್ತುವ ಶಕ್ತಿಯಿರಲಿಲ್ಲ. ಹೆಬ್ಬೆರಳಿನ ಉಗುರಲ್ಲಿ ಸ್ಟಿಕ್ಕರ್ ಕೆರೆದರು — ಅಯಸ್ಕಾಂತ ಹಾಸಿಗೆಯ ಮೇಲೆ ಬಿತ್ತು. “ನನ್ನ ಕೈಗೇ ಬಂತು. ಹಲ್ಲು ಬರೋ ಮಗೂಗೆ ಬರಲ್ವಾ?” ಅಂದರು. “ಬಿಟ್ಟುಕೊಡಬೇಡ” ಅಂದರು. ಒಪ್ಪಿಗೆ ಅಂದರೆ ಇದೇನಾ?

ಅತ್ತಿಗೆ, ಎಲ್ಲರ ಮುಂದೆ ಕೇಳುತ್ತೇನೆ. ಆ ಡಬ್ಬಕ್ಕೆ ಅಣ್ಣನ ಫೋಟೊ ಕೊಡುತ್ತೀರಾ? — ಇಲ್ಲ ಅಂತ ತಲೆಯಾಡಿಸಿದರು. ಎಲ್ಲರೂ ನೋಡಿದಿರಿ.

ಸಂಜೆಯೊಳಗೆ ಹೊಸ ತುಂಡಿಗೆ ನನ್ನ ಮೇಜಿನ ಒಪ್ಪಿಗೆ ಬೇಕು, ಇಲ್ಲದಿದ್ದರೆ ಆ ಜಾಗದಲ್ಲಿ ಬೇರೆಯವರನ್ನು ಕೂರಿಸುತ್ತೇವೆ ಅಂತ ಮ್ಯಾನೇಜರ್ ಅಂದಿದ್ದಾರೆ. ಕೂರಿಸಲಿ. ಕುಳಿತವರು ಯಾರೇ ಆಗಲಿ, ಆ ತುಂಡನ್ನು ತಮ್ಮ ಮಗುವಿನ ಕೈಗೆ ಮೊದಲು ಕೊಡಲಿ. ನಾನು ದೇವರಿಗೆ ಹೆದರುವವಳು. ಅದಾದ ಮೇಲೆ ಇನ್ನೊಬ್ಬರಿಗೆ ಹೆದರುವಷ್ಟು ಹೆದರಿಕೆ ನನ್ನಲ್ಲಿ ಉಳಿದಿಲ್ಲ.

ಸಾಕು. ಎಲ್ಲರೂ ಎದ್ದು ನಿಲ್ಲಿ. ಕೆಮ್ಮು ಬಂದರೆ ಕೆಮ್ಮಿ, ಅಳು ಬಂದರೆ ಅಳಿ, ಮಾತು ಮಾತ್ರ ಬೇಡ. ಸ್ವಲ್ಪ ಹೊತ್ತು ಅಣ್ಣನ ಜೊತೆ ಇರೋಣ. ಆಮೇಲೆ ಆಫೀಸಿನವರು ಯಾರಾದರೂ ನನ್ನ ಮೇಜಿನ ಹತ್ತಿರ ಹೋಗಿ, ಬರೆದಿಟ್ಟಿರುವ ನನ್ನ ಉತ್ತರ ತಂದು ಮ್ಯಾನೇಜರ್ ಅವರ ಕೈಗೆ ಕೊಡಿ. ಓದುವುದಕ್ಕೆ ಕನ್ನಡಕ ಬೇಕಾಗುವುದಿಲ್ಲ, ದೊಡ್ಡದಾಗಿಯೇ ಬರೆದಿದ್ದೇನೆ.